ಅಂತರಿಕ್ಷದ ಪ್ರಯೋಗ ಗೆದ್ದಿದೆಯೋ ಇಲ್ಲವೋ, ಲೆಕ್ಕ ಹಾಕುವ ಬಗೆ

ರಾಕೆಟ್ ಸುರಕ್ಷಿತವಾಗಿ ಹೋಗಿ ಬಂದರೆ ಗೆದ್ದದ್ದು ರಾಕೆಟ್. ಪ್ರಯೋಗದ ಲೆಕ್ಕವೇ ಬೇರೆ. 2025ರ ಜೂನ್ 25ರಂದು ಹೊರಟ ಖಾಸಗಿ ಬಾಹ್ಯಾಕಾಶ ಯಾನ ಆಕ್ಸಿಯಂ-4ರಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ರೂಪಿಸಿದ ಹೆಸರುಕಾಳು, ಮೆಂತ್ಯೆ ಮೊಳಕೆ ಪ್ರಯೋಗವೂ ಭಾರತದ ಗಗನಯಾನಿ ಶುಭಾಂಶು ಶುಕ್ಲಾ ಜೊತೆ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಇಂಥ ಪ್ರಸ್ತಾವ ಬರೆಯುವವರಿಗೆ ಮೊಳಕೆಯೇ ಒಳ್ಳೆಯ ಮಾದರಿ. ಕೆಳಗಿನ ಮೊಳಕೆ ಅಂಕಿಗಳು ಲೆಕ್ಕ ತಿಳಿಯಲು ಹಾಕಿದವು, ಆ ಪ್ರಯೋಗದ ಫಲಿತಾಂಶವಲ್ಲ.

ಗೆಲುವಿನ ಗೆರೆಯನ್ನು ಉಡಾವಣೆಗೆ ಮುಂಚೆಯೇ ಎಳೆಯಿರಿ. ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಕನಿಷ್ಠ, ಪೂರ್ಣ, ಹೆಚ್ಚುವರಿ ಎಂದು ಮೂರು ಹಂತ ಮಾಡುತ್ತದೆ. ಮೊಳಕೆಗೆ ಕನಿಷ್ಠವೆಂದರೆ ನೀರು ಹಾಕಿದ ಸಮಯ, ಉಷ್ಣತೆಯ ದಾಖಲೆ, ಫೋಟೊಗಳ ಸಮೇತ ಫ್ರೀಜರ್‌ನಲ್ಲಿಟ್ಟ ಮಾದರಿ ಕರಗದೆ ಪ್ರಯೋಗಾಲಯ ಸೇರುವುದು. ನೆಲದ ಮಾದರಿಗೂ (ಹೋಲಿಕೆಗೆಂದು ಭೂಮಿಯಲ್ಲೇ ಬೆಳೆಸಿದ ಮೊಳಕೆ) ಅದಕ್ಕೂ ಏನು ವ್ಯತ್ಯಾಸ ಎಂದು ಹೇಳಲು ಬಂದರೆ ಪೂರ್ಣ. ಹೋಗಿಬಂದ ಬೀಜವನ್ನು ಕೆಲವು ತಲೆಮಾರು ಬೆಳೆಸಿ ನೋಡಿದರೆ ಹೆಚ್ಚುವರಿ. ಅದಕ್ಕೆ ಒಣ ಬೀಜವನ್ನು ಬೇರೆಯೇ ಕಳಿಸಿರಬೇಕು, ಫ್ರೀಜರ್‌ನಿಂದ ಬಂದ ಮೊಳಕೆ ಬೆಳೆಯುವುದಿಲ್ಲ. ‘ವ್ಯತ್ಯಾಸ ಕಾಣಬೇಕು’ ಎಂಬುದು ಗುರಿಯಾಗಬಾರದು. ವ್ಯತ್ಯಾಸವಿಲ್ಲ ಎಂಬ ಖಚಿತ ಉತ್ತರವೂ ಗೆಲುವೇ.

ಖಚಿತವಾಗಬೇಕಾದರೆ ಕಾಳು ಸಾಕಷ್ಟಿರಬೇಕು. 20 ಕಾಳಿನಲ್ಲಿ ಒಂದು ಕಾಳು ಎಂದರೆ ಶೇ 5. ಅಲ್ಲಿ 15, ಇಲ್ಲಿ 18 ಮೊಳೆತರೆ ಅದು ಬರೀ ಆಕಸ್ಮಿಕವೂ ಇರಬಹುದು. ಶೇ 90 ಮತ್ತು ಶೇ 80ರ ನಡುವಿನ ಅಂತರ ಹಿಡಿಯಲು ಪ್ರತಿ ಗುಂಪಿಗೆ ಸುಮಾರು 200 ಕಾಳು ಬೇಕು. ಅಷ್ಟು ಜಾಗ ಸಿಗದಿದ್ದರೆ ಬೇರಿನ ಉದ್ದ ಅಳೆಯಿರಿ, ಕಡಿಮೆ ಕಾಳಿನಲ್ಲೂ ಅದು ಹೆಚ್ಚು ಹೇಳುತ್ತದೆ. ಒಂದೇ ತಟ್ಟೆಯ ಕಾಳುಗಳು ಒಂದೇ ನೀರು ಕುಡಿದಿರುತ್ತವೆ. ಕಾಳಿನ ಜೊತೆ ತಟ್ಟೆಗಳ ಸಂಖ್ಯೆಯನ್ನೂ ಹೆಚ್ಚಿಸಿ. ಶೇಕಡಾ ಮೊಳಕೆಯನ್ನು ಸಸಿಯ ಉದ್ದದಿಂದ ಗುಣಿಸುವ ಸೂಚ್ಯಂಕವೊಂದನ್ನೇ ನಂಬಬೇಡಿ: 90×12 ಸೆಂ.ಮೀ. ಆದರೂ 1080, 60×18 ಆದರೂ 1080.

ಎಷ್ಟೋ ಪ್ರಯೋಗಗಳು ಕೆಡುವುದು ನೆಲದ ಮಾದರಿಯಲ್ಲಿ. ಅದೇ ಲಾಟಿನ ಬೀಜ, ಅದೇ ತಟ್ಟೆ, ಅಷ್ಟೇ ನೀರು ಇದ್ದರಷ್ಟೇ ಸಾಲದು. ಆಕ್ಸಿಯಂ-4 ಮೇ 29ಕ್ಕೆ ಹೊರಡಬೇಕಿತ್ತು, ಮುಂದೂಡುತ್ತ ಜೂನ್ 25 ಆಯಿತು. ಬೀಜ ಅಲ್ಲಿ ಎಷ್ಟು ದಿನ, ಎಂಥ ಶಾಖದಲ್ಲಿ ಕಾಯಿತೋ ಇಲ್ಲಿಯದೂ ಹಾಗೇ ಕಾಯಬೇಕು. ಅದಕ್ಕೇ ನೆಲದ ಪ್ರಯೋಗವನ್ನು ಒಂದೆರಡು ದಿನ ತಡವಾಗಿ ಶುರುಮಾಡಿ, ನಿಲ್ದಾಣದ ಉಷ್ಣತೆಯನ್ನೇ ನಕಲು ಮಾಡಬೇಕು. ಇನ್ನೊಂದು ತೊಡಕು ನೀರಿನದು. ಅಲ್ಲಿ ನೀರು ಬಸಿದುಹೋಗದೆ ಕಾಳಿನ ಸುತ್ತ ಪೊರೆಯಾಗಿ ಅಂಟುತ್ತದೆ, ಬಿಸಿ ಗಾಳಿ ಮೇಲೇಳುವುದಿಲ್ಲ, ಆಮ್ಲಜನಕ ಸಾಲದಾಗಬಹುದು. ಮೊಳಕೆ ಕಡಿಮೆಯಾದರೆ ಬೀಜ ಉಸಿರುಗಟ್ಟಿತೇ, ಅಥವಾ ಗುರುತ್ವ ಇಲ್ಲದ್ದೇ ಕಾರಣವೇ? ನಿಲ್ದಾಣದಲ್ಲೇ ಸೆಂಟ್ರಿಫ್ಯೂಜ್ ಎಂಬ ವೇಗವಾಗಿ ತಿರುಗುವ ಯಂತ್ರದಲ್ಲಿ ಭೂಮಿಯ ಮೇಲಿರುವಷ್ಟೇ ತೂಕ ಕೊಟ್ಟು ಒಂದು ತಟ್ಟೆ ತಿರುಗಿಸಿದರೆ ಉತ್ತರಕ್ಕೆ ದಾರಿ ಸಿಗುತ್ತದೆ. ದುಬಾರಿ, ಆದರೂ ಕೇಳಿ ನೋಡಿ.

ಇಡೀ ಕಾರ್ಯಕ್ರಮವನ್ನು ತೂಗುವಾಗ ಆಯುಷ್ಯಕ್ಕೂ ಗುರಿಗೂ ಬೇರೆ ಬೇರೆ ಅಂಕ ಕೊಡಿ. ಚಂದ್ರಯಾನ-1 ಎರಡು ವರ್ಷಕ್ಕೆಂದು 2008ರ ಅಕ್ಟೋಬರ್ 22ರಂದು ಹೊರಟು, 2009ರ ಆಗಸ್ಟ್ 29ಕ್ಕೇ ಸಂಪರ್ಕ ಕಳೆದುಕೊಂಡಿತು. ಆಯುಷ್ಯದ ಅಂಕ ಅರ್ಧಕ್ಕೂ ಕಡಿಮೆ. ಚಂದ್ರನಲ್ಲಿ ನೀರಿನ ಅಣುಗಳ ಸುಳಿವು ಕೊಟ್ಟಿದ್ದೂ ಅದೇ. ಆರು ತಿಂಗಳಿಗೆಂದು ಹೋದ ಮಂಗಳಯಾನ ಏಳು ವರ್ಷಕ್ಕೂ ಹೆಚ್ಚು ಬಾಳಿತೆಂದ ಮಾತ್ರಕ್ಕೆ ವಿಜ್ಞಾನವೂ ಅಷ್ಟೇ ಪಟ್ಟು ಬೆಳೆಯಿತೆಂದು ಬರೆಯುವಂತಿಲ್ಲ.

ಪ್ರಯೋಗದಿಂದ ಬಂದ ಸಂಶೋಧನಾ ಪ್ರಬಂಧಗಳ ಎಣಿಕೆಯನ್ನು ಮೊದಲ ವರ್ಷಕ್ಕೇ ಮುಗಿಸಬೇಡಿ. ಎರಡನೇ, ಐದನೇ ವರ್ಷವೂ ನೋಡಿ, ತಂಡದ ಹೊರಗಿನವರು ಬರೆದದ್ದನ್ನು ಪ್ರತ್ಯೇಕ ಕಾಲಂನಲ್ಲಿ ಹಾಕಿ. ದತ್ತಾಂಶ ಮುಕ್ತವಾಗಿ ಸಿಗುವ ಕಡೆ, ಉದಾಹರಣೆಗೆ ಇಸ್ರೋದ ಪ್ರದಾನ್ ಜಾಲತಾಣದಲ್ಲಿ ಇಟ್ಟಿದ್ದರೆ ಮಾತ್ರ ಆ ಕಾಲಂ ತುಂಬೀತು.