ಪದ್ಮಿನಿಗೆ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್: ಕೊನೆಗೆ ಸರಿಹೋದದ್ದು ಹೀಗೆ

ತೊಂದರೆ: ಕಾರ್ಬುರೇಟರ್‌ನ ಪ್ರೀಮಿಯರ್ ಪದ್ಮಿನಿ. ಘಾಟಿ ಹತ್ತಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗದು. ಎಂಜಿನ್ ತಣ್ಣಗಾದರೆ ಸರಿ. ಬಿಸಿಗೆ ಲೈನಿನಲ್ಲಿ ಪೆಟ್ರೋಲ್ ಆವಿಯಾಗುತ್ತಿತ್ತು.

ಎಂಜಿನ್ನೇ ಓಡಿಸುವ ಹಳೆಯ ಮೆಕ್ಯಾನಿಕಲ್ ಪಂಪಿನ ಡಯಾಫ್ರಮ್ (ಒಳಪೊರೆ) ಕಿಟ್ ಬದಲಿಸಿದೆ, ಪೈಪಿಗೆ ಒದ್ದೆ ಬಟ್ಟೆ ಸುತ್ತಿದೆ, ಪ್ರಯೋಜನವಿಲ್ಲ. ಇಂಜೆಕ್ಷನ್ ಕಾರಿನ ಪಂಪ್ ಹಾಕಿದಾಗ ಕಾರ್ಬುರೇಟರ್ ತುಂಬಿ ಹರಿಯಿತು. ಆ ಪಂಪಿನ ಒತ್ತಡ 40 ಪಿಎಸ್‌ಐ (ಒತ್ತಡದ ಅಳತೆ) ದಾಟುತ್ತದೆ. ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟಿನ ನೀಡಲ್ ವಾಲ್ವ್ 3-4ಕ್ಕಿಂತ ಹೆಚ್ಚು ತಡೆಯದು. ಕಾರ್ಬುರೇಟರ್‌ಗೆ ಹೊಂದುವ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪನ್ನೇ ಎಂಜಿನ್ ಪಕ್ಕ ಕೂರಿಸಿದರೂ ಮತ್ತೆ ಸ್ಟಾರ್ಟ್ ಆಗದ ಗೋಳು ತಪ್ಪಲಿಲ್ಲ. ಈ ಪಂಪ್‌ಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ.

ಸರಿಹೋದದ್ದು: 2-4 ಪಿಎಸ್‌ಐನ 12 ವೋಲ್ಟ್ ಪಂಪನ್ನು ಹಿಂದೆ, ಟ್ಯಾಂಕಿನ ತಳಕ್ಕಿಂತ ಕೆಳಗೆ, ರಬ್ಬರ್ ಬುಷ್ ಮೇಲೆ ಕೂರಿಸಿದೆ. ಟ್ಯಾಂಕ್, ಫಿಲ್ಟರ್, ಪಂಪ್, ರೆಗ್ಯುಲೇಟರ್ (ಒತ್ತಡ ಹೊಂದಿಸುವ ಸಾಧನ), ಕಾರ್ಬುರೇಟರ್: ಇದೇ ಕ್ರಮ. ಹಳೆಯ ಪಂಪ್ ತೆಗೆದ ಜಾಗಕ್ಕೆ ಗ್ಯಾಸ್ಕೆಟ್ ಸಹಿತ ಅಲ್ಯುಮಿನಿಯಂ ಪ್ಲೇಟ್. ಇಲ್ಲವಾದರೆ ಆಯಿಲ್ ಸುರಿಯುತ್ತದೆ. ಕಾರ್ಬುರೇಟರ್ ಮುಂಚೆ ಪೈಪಿಗೆ T ಆಕಾರದ ಜೋಡಣೆ ಹಾಕಿ, 1 ಮಿಮೀ ರಂಧ್ರದ ಜೆಟ್ ಮೂಲಕ ಟ್ಯಾಂಕಿಗೆ ರಿಟರ್ನ್ ಕೊಟ್ಟೆ. ಆವಿ ಆ ದಾರಿ ಹಿಡಿಯಿತು. ಗೇಜ್ ಇಟ್ಟು, ಎಂಜಿನ್ ಐಡಲ್‌ನಲ್ಲಿರುವಾಗಲೇ ರೆಗ್ಯುಲೇಟರನ್ನು 2.5ಕ್ಕೆ ಇಳಿಸಿ.

ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇಯ ಪಿನ್‌ಗಳ ಮೇಲೆ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿ, 7.5 ಆಂಪ್ ಫ್ಯೂಸ್ ಮೂಲಕ. 87 ಪಂಪಿಗೆ, 86 ಇಗ್ನಿಷನ್‌ಗೆ, 85 ಅರ್ಥ್. 87ರ ವೈರಿನಲ್ಲಿ ಇನರ್ಷಿಯಾ ಸ್ವಿಚ್ (ಜೋರಾಗಿ ಡಿಕ್ಕಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಬೇಕೇ ಬೇಕು. ಅದಿಲ್ಲದಿದ್ದರೆ ಅಪಘಾತವಾಗಿ ಪೈಪ್ ಹರಿದರೂ ಪಂಪ್ ತಾನಾಗಿ ನಿಲ್ಲುವುದಿಲ್ಲ.

ಕಾರ್ಬುರೇಟರ್ ಕಡೆ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು ನೋಡಿ, ಅರ್ಧ ನಿಮಿಷಕ್ಕೆ ಕಾಲು ಲೀಟರ್ ಬಂದರೆ ಧಾರಾಳ.