ಅಮಾವಾಸ್ಯೆಯ ವಾರಾಂತ್ಯ: ಒಂದು ಡೇರೆ, ಒಂದು ತಂತಿ, ಜೆಮಿನಿಡ್ ಉಲ್ಕೆಗಳು

ನಕ್ಷತ್ರ ನೋಡುವವರಿಗೂ ಹವ್ಯಾಸಕ್ಕಾಗಿ ರೇಡಿಯೊ ಸಂಪರ್ಕ ನಡೆಸುವ ಹ್ಯಾಮ್ ರೇಡಿಯೊದವರಿಗೂ ನಗರ ಒಗ್ಗುವುದಿಲ್ಲ. ದೀಪಗಳ ಬೆಳಕು ಆಕಾಶಗಂಗೆಯನ್ನು ಮರೆಮಾಡುತ್ತದೆ. ಅವೇ ಎಲ್‌ಇಡಿ ದೀಪಗಳು, ಚಾರ್ಜರ್‌ಗಳು, ಇನ್ವರ್ಟರ್‌ಗಳು ಹೊಮ್ಮಿಸುವ ವಿದ್ಯುತ್ ಗದ್ದಲ ದೂರದ ಕ್ಷೀಣ ಸಂಕೇತಗಳನ್ನು ನುಂಗಿಹಾಕುತ್ತದೆ. ಎರಡೂ ಹುಚ್ಚು ಇರುವ ನನಗೆ ಎರಡಕ್ಕೂ ಒಂದೇ ಡೇರೆ ಹೂಡುವುದು ಸಹಜವೆನಿಸಿತು. ಆದರೆ ಹೊರಗಿನ ಗದ್ದಲದಿಂದ ಪಾರಾದರೆ ಸಾಲದು, ಈ ಎರಡು ಹವ್ಯಾಸಗಳು ಒಂದನ್ನೊಂದು ಕೆಡಿಸದಂತೆಯೂ ನೋಡಿಕೊಳ್ಳಬೇಕು. ಹೆಚ್ಚಿನ ಶ್ರಮ ಅಲ್ಲಿಯೇ.

ನಾನೂ ನನ್ನ ಗೆಳೆಯನೂ ಆರಿಸಿಕೊಂಡದ್ದು 2020ರ ಡಿಸೆಂಬರ್ 12 ಮತ್ತು 13, ಶನಿವಾರ–ಭಾನುವಾರ. ಜೆಮಿನಿಡ್ ಉಲ್ಕಾವೃಷ್ಟಿ 13ರ ರಾತ್ರಿ ತುತ್ತತುದಿಗೇರುವುದಿತ್ತು, 14ಕ್ಕೆ ಅಮಾವಾಸ್ಯೆ. ಇಂಥ ಹೊಂದಾಣಿಕೆ ಪ್ರತಿ ವರ್ಷ ಸಿಗುವುದಿಲ್ಲ. ಹುಣ್ಣಿಮೆಯ ಆಸುಪಾಸಿಗೆ ಬಂದರೆ ಜೆಮಿನಿಡ್‌ಗಳಲ್ಲಿ ಮುಕ್ಕಾಲು ಪಾಲು ಬೆಳದಿಂಗಳಿನಲ್ಲೇ ಕಳೆದುಹೋಗುತ್ತವೆ.

ಆಂಟೆನಾ ಕಟ್ಟುವ ಕೆಲಸ ಹಗಲಿನಲ್ಲೇ ಮುಗಿಯಬೇಕು. ಎರಡು ತೋಳುಗಳ ತಂತಿ ಆಂಟೆನಾವಾದ ಡೈಪೋಲ್‌ನ ಉದ್ದವನ್ನು ಮೀಟರಿನಲ್ಲಿ ತಿಳಿಯಲು 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಕಂಪನಾಂಕದಿಂದ ಭಾಗಿಸುತ್ತೇನೆ; 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, ಅಂದರೆ ಪ್ರತಿ ತೋಳಿಗೆ ಹತ್ತು ಮೀಟರ್ ತಂತಿ. ನಡುಭಾಗವನ್ನು ಫೈಬರ್‌ಗ್ಲಾಸ್ ಕಂಬದ ತುದಿಗೆ ಏರಿಸಿ, ಎರಡೂ ತೋಳುಗಳನ್ನು ತಲೆಕೆಳಗಾದ ‘ವಿ’ ಆಕಾರದಲ್ಲಿ ಇಳಿಬಿಟ್ಟೆವು. ತಂತಿಯ ತುದಿಗಳು ತಲೆಗಿಂತ ಎತ್ತರದಲ್ಲಿರಬೇಕು, ಕಟ್ಟಿದ ಹಗ್ಗಗಳಿಗೆ ಬಿಳಿ ಬಟ್ಟೆ ಸುತ್ತಿರಬೇಕು. ಟಾರ್ಚ್ ಬಳಸದೆ ಓಡಾಡುವ ಶಿಬಿರದಲ್ಲಿ ಕಣ್ಣಿನ ಮಟ್ಟದಲ್ಲಿ ಬಿಗಿದ ತಂತಿಯಷ್ಟು ಅಪಾಯಕಾರಿ ವಸ್ತು ಇನ್ನೊಂದಿಲ್ಲ. ಗುಡುಗಿನ ಸೂಚನೆ ಕಂಡರೆ ಆಂಟೆನಾವನ್ನು ಮೊದಲು ಕಳಚಿ ಇಳಿಸಬೇಕು, ಮಿಕ್ಕದ್ದೆಲ್ಲ ಆಮೇಲೆ.

ಸೂರ್ಯ ಮುಳುಗುವ ಹೊತ್ತಿನಲ್ಲಿ ಎರಡು ಹವ್ಯಾಸಗಳೂ ಒಟ್ಟಿಗೆ ಕೈಬೀಸಿ ಕರೆಯುತ್ತವೆ. ವಾತಾವರಣದ ಮೇಲ್ಭಾಗದ ವಿದ್ಯುದಾವೇಶಿತ ವಲಯವಾದ ಅಯಾನುಗೋಳದ ಕೆಳಗಿನ ‘ಡಿ’ ಪದರ ಹಗಲಿನಲ್ಲಿ 7 ಮೆಗಾಹರ್ಟ್ಸ್‌ನ ಅಲೆಗಳನ್ನು ಹೀರುತ್ತಿರುತ್ತದೆ. ಬಿಸಿಲು ಹೋದೊಡನೆ ಅದು ಕರಗತೊಡಗುತ್ತದೆ. ಮಧ್ಯಾಹ್ನ ಕೆಲವು ನೂರು ಕಿಲೋಮೀಟರ್ ಮಾತ್ರ ತಲುಪುತ್ತಿದ್ದ ಈ ಕಂಪನಾಂಕ ಪಟ್ಟಿಯಲ್ಲಿ ಖಂಡಾಂತರದ ಧ್ವನಿಗಳು ತೇಲಿಬರುತ್ತವೆ. ಆ ಸಂಜೆ ಪಶ್ಚಿಮದಲ್ಲಿ ಗುರು ಮತ್ತು ಶನಿ ಸುಮಾರು ಒಂದೇ ಡಿಗ್ರಿ ಅಂತರದಲ್ಲಿದ್ದವು, 21ರಂದು ನಡೆಯಲಿದ್ದ ಮಹಾಸಂಯೋಗದತ್ತ ಸರಿಯುತ್ತಿದ್ದವು. ಬೈನಾಕ್ಯುಲರ್‌ನ ಒಂದೇ ನೋಟದಲ್ಲಿ ಎರಡೂ ಸಿಕ್ಕವು. ಕಿವಿಯಲ್ಲಿ ಹೆಡ್‌ಫೋನ್, ಕಣ್ಣಿಗೆ ಬೈನಾಕ್ಯುಲರ್: ಇದಕ್ಕಿಂತ ಒಳ್ಳೆಯ ಸಂಜೆ ನನಗೆ ಬೇಕಿಲ್ಲ.

ಕತ್ತಲು ದಟ್ಟವಾದ ಮೇಲೆ ಕಟ್ಟುನಿಟ್ಟು ಆರಂಭವಾಗುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಕೆಡಲು ಮೊಬೈಲ್ ಪರದೆಯ ಒಂದು ಕ್ಷಣ ಸಾಕು. ಕಳಿಸಲೂ ಕೇಳಲೂ ಬಳಸುವ ರೇಡಿಯೊ, ಅಂದರೆ ಟ್ರಾನ್ಸೀವರ್‌ನ ಪರದೆಯನ್ನು ಕನಿಷ್ಠ ಬೆಳಕಿಗಿಳಿಸಿ ಮೇಲೆ ಕೆಂಪು ಹಾಳೆ ಅಂಟಿಸಿದ್ದೆ. ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಕಂಪ್ಯೂಟರ್ ಬೇಡುವ ಡಿಜಿಟಲ್ ಸಂವಹನಕ್ಕಿಂತ ನಕ್ಷತ್ರ ಶಿಬಿರಕ್ಕೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಎಷ್ಟೋ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಂಕೇತ ಒತ್ತುವ ಕೀಲಿಯನ್ನು ಬೆರಳು ಕತ್ತಲಲ್ಲೇ ಬಲ್ಲದು, ಹತ್ತು ವ್ಯಾಟ್ ಸಾಮರ್ಥ್ಯದಲ್ಲೂ ದೂರ ತಲುಪಬಹುದು, ಬ್ಯಾಟರಿಯೂ ಬಾಳುತ್ತದೆ. ಸಂಪರ್ಕಗಳ ದಾಖಲೆಯಾದ ಲಾಗ್ ಬರೆಯುವ ಬದಲು ಧ್ವನಿಮುದ್ರಕಕ್ಕೆ ಕಾಲ್‌ಸೈನ್ (ರೇಡಿಯೊ ನಿಲಯದ ಗುರುತಿನ ಹೆಸರು) ಮತ್ತು ಸಮಯ ಹೇಳಿಬಿಡುತ್ತೇನೆ.

ಗೆಳೆಯನ ದೂರದರ್ಶಕದ ಮೋಟಾರು ಕೊಟ್ಟ ಕಾಟ ಬೇರೆ. ಆಕಾಶದೊಂದಿಗೆ ತಿರುಗುವ ಆ ಪೀಠವನ್ನು ಚಾಲೂ ಮಾಡಿದಾಗಲೆಲ್ಲ 7 ಮೆಗಾಹರ್ಟ್ಸ್‌ನಲ್ಲಿ ಕರಕರ ಸದ್ದು ಏಳುತ್ತಿತ್ತು. ಪೀಠಕ್ಕೆ ಬೇರೆ ಬ್ಯಾಟರಿ ಕೊಟ್ಟು, ಅದರ ವೈರುಗಳನ್ನು ಗದ್ದಲ ತಡೆಯುವ ಫೆರೈಟ್ ಉಂಗುರಗಳಲ್ಲಿ ಸುತ್ತಿ, ಆಂಟೆನಾದಿಂದ ಆದಷ್ಟು ದೂರ ಒಯ್ದ ಮೇಲೆ ಸದ್ದು ಬಹುಮಟ್ಟಿಗೆ ಅಡಗಿತು. ಇಂಥ ಶಿಬಿರಕ್ಕೆ ಕೈಯಿಂದ ತಿರುಗಿಸುವ ಡಾಬ್ಸೋನಿಯನ್ ದೂರದರ್ಶಕವೇ ಸರಿ.

ಉಲ್ಕೆಗಳಿಗೆ ದೂರದರ್ಶಕವೇ ಬೇಡ. ಆದರೆ ರೇಡಿಯೊ ಇದ್ದರೆ ಅವನ್ನು ಕೇಳಬಹುದು, ಅದಕ್ಕೆ ಪರವಾನಗಿಯೂ ಬೇಡ, ಸಾಧಾರಣ ಎಫ್‌ಎಂ ರಿಸೀವರ್ ಸಾಕು. ಎಫ್‌ಎಂ ಅಲೆಗಳು ಸಾಮಾನ್ಯವಾಗಿ ದಿಗಂತದಾಚೆಗೆ ಹೆಚ್ಚು ದೂರ ಹೋಗುವುದಿಲ್ಲ. ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ನುಗ್ಗುವ ಜೆಮಿನಿಡ್ ಕಣವೊಂದು ನೂರು ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಉರಿಯುವಾಗ ಹಿಂದೆ ಅಯಾನುಗಳ ಜಾಡು ಬಿಡುತ್ತದೆ. ಆ ಜಾಡು ದೂರದ ಕೇಂದ್ರದ ಅಲೆಯನ್ನು ಕ್ಷಣಕಾಲ ನಮ್ಮತ್ತ ಪ್ರತಿಫಲಿಸುತ್ತದೆ. ಸ್ಥಳೀಯ ಕೇಂದ್ರವಿಲ್ಲದ, ಆದರೆ ದೂರದಲ್ಲಿ ಪ್ರಬಲ ಕೇಂದ್ರವಿರುವ ಕಂಪನಾಂಕ ಆರಿಸಿ, ಮುಖ್ಯವಾಗಿ ಒಂದೇ ದಿಕ್ಕಿನ ಅಲೆ ಹಿಡಿಯುವ, ಮೂರು ಕಡ್ಡಿಗಳ ಯಾಗಿ ಆಂಟೆನಾವನ್ನು ಅತ್ತ ತಿರುಗಿಸಿ ಕೂತೆವು. ಬರಿಯ ಸುಯ್ಯೆನ್ನುವ ಸದ್ದು. ಅದು ತಟ್ಟನೆ ಸೀಳಿ ಒಂದು ಹಾಡಿನ ಅರ್ಧ ಸಾಲು ಸ್ಫುಟವಾಗಿ ಕೇಳಿಸಿತು, ಮರುಕ್ಷಣ ಮತ್ತೆ ಅದೇ ಸುಯ್ಯೆನ್ನುವ ಸದ್ದು.

ಆದರೆ ಶನಿವಾರ ರಾತ್ರಿ ನೆತ್ತಿಯ ಮೇಲೆ ಉಲ್ಕೆ ಕಂಡಾಗ ರಿಸೀವರ್ ಸುಮ್ಮನಿರುತ್ತಿತ್ತು, ಆಕಾಶ ಖಾಲಿಯಿದ್ದಾಗ ಹಾಡುತ್ತಿತ್ತು. ಅದಕ್ಕೆ ರೇಖಾಗಣಿತವೇ ಕಾರಣ. ಅಲೆ ಪ್ರತಿಫಲಿಸುವುದು ಬಹುತೇಕ ಕೇಂದ್ರ ಮತ್ತು ರಿಸೀವರ್ ಎಂಬ ಎರಡೂ ತುದಿಗಳ ನಡುಹಾದಿಯ ಮೇಲೆ. ನಾವು ಕೇಳುತ್ತಿದ್ದ ಕೇಂದ್ರ ಸುಮಾರು 1,500 ಕಿ.ಮೀ. ದೂರದ್ದು, ನಡುಹಾದಿ 750 ಕಿ.ಮೀ. ಆಚೆಗೆ, ಭೂಮಿಯ ಬಾಗನ್ನೂ ಲೆಕ್ಕ ಹಿಡಿದರೆ ದಿಗಂತದಿಂದ ನಾಲ್ಕೈದು ಡಿಗ್ರಿ ಮೇಲಕ್ಕೆ ಮಾತ್ರ. ಆ ಮಬ್ಬಿನಲ್ಲಿ ಉಲ್ಕೆ ಕಾಣುವುದು ಅಪರೂಪ. ಭಾನುವಾರ ಹಗಲು ನಕ್ಷೆ ಹರವಿಕೊಂಡು ಸುಮಾರು 800 ಕಿ.ಮೀ. ದೂರದ ಇನ್ನೊಂದು ಕೇಂದ್ರವನ್ನು ಹುಡುಕಿದೆವು. ಅದರ ನಡುಹಾದಿಯ ಮೇಲಿನ ಉಲ್ಕೆ ಹನ್ನೆರಡು ಡಿಗ್ರಿ ಎತ್ತರದಲ್ಲಿ, ಚಾಚಿದ ಕೈಯ ಮುಷ್ಟಿಗಿಂತ ತುಸು ಮೇಲೆ ಕಾಣಬೇಕು. ಆ ದಿಕ್ಕಿಗೇ ಮುಖಮಾಡಿ ಚಾಪೆ ಹಾಸಿದೆವು.

ಮಧ್ಯರಾತ್ರಿಯ ನಂತರ ಮಿಥುನ ರಾಶಿ ಮೇಲೇರಿ, ಕ್ಯಾಸ್ಟರ್ ನಕ್ಷತ್ರದ ಬಳಿಯಿಂದ ಹೊಮ್ಮಿದಂತೆ ಉಲ್ಕೆಗಳು ಒಂದರ ಹಿಂದೊಂದು ಬಿದ್ದವು. ಎರಡು ಗಂಟೆಯ ಸುಮಾರಿಗೆ ಎದುರಿನ ದಿಗಂತದ ಮೇಲೆ ಹಳದಿ ಬಣ್ಣದ ಒಂದು ಉಲ್ಕೆ ನಿಧಾನವಾಗಿ ಇಳಿಯಿತು. ಅದರ ಗೆರೆ ಇನ್ನೂ ಕಣ್ಣಿನಲ್ಲಿರುವಾಗಲೇ ರಿಸೀವರ್‌ನಲ್ಲಿ ಹೆಣ್ಣುದನಿಯೊಂದು ಏನನ್ನೋ ಹೇಳುತ್ತಾ ಕೆಲವು ಸೆಕೆಂಡು ನಿಂತು ಮಾಯವಾಯಿತು. “ಕೇಳಿದೆಯಾ?” ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಬೆಳಗಾಗುವುದರೊಳಗೆ ಅಂಥ ಇನ್ನೂ ಕೆಲವು ಸಿಕ್ಕವು, ಹೆಚ್ಚಿನವು ಕಣ್ಣಿಗೊಂದು ಕಿವಿಗೊಂದು ಎಂಬಂತೆಯೇ ಉಳಿದವು.

ಈಗ ಉಲ್ಕಾವೃಷ್ಟಿಯ ಶಿಬಿರಕ್ಕೆ ಜಾಗ ಹುಡುಕುವಾಗ ಮೊದಲು ಕೇಂದ್ರ ಆರಿಸುತ್ತೇನೆ, ಆಮೇಲೆ ಅದರ ನಡುಹಾದಿಯ ದಿಕ್ಕಿನಲ್ಲಿ ದಿಗಂತ ತೆರೆದಿರುವ, ಅತ್ತ ಯಾವ ಊರಿನ ಬೆಳಕೂ ಇರದ ಬಯಲನ್ನು ಹುಡುಕುತ್ತೇನೆ. ಧ್ವನಿಮುದ್ರಕವನ್ನು ರಾತ್ರಿಯಿಡೀ ಚಾಲೂ ಇಡುತ್ತೇನೆ. ಉಲ್ಕೆ ಕಂಡವರು ಕೂಗಿದ ಮಾತೂ ರಿಸೀವರ್‌ನ ದನಿಯೂ ಒಂದೇ ಕಡತದಲ್ಲಿ ಸಿಗುವುದರಿಂದ ಮರುದಿನ ಸೆಕೆಂಡು ಸೆಕೆಂಡಿಗೆ ಹೊಂದಿಸಿ ನೋಡಬಹುದು.