ಹೊರರಾಜ್ಯದ ಬಿಡಿಎಸ್ ಸೀಟು: ಕಲಬುರಗಿಯಿಂದ ಹೊರಡುವ ಮುನ್ನ ಮಾಡಬೇಕಾದ ಕೆಲಸಗಳು

ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಬೀದರ್‌ನವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. 1956ರವರೆಗೆ ಕಲಬುರಗಿ, ಬೀದರ್ ಜಿಲ್ಲೆಗಳಿಗೆ ಆ ಊರೇ ರಾಜಧಾನಿಯಾಗಿತ್ತು. ಇಂದಿಗೂ ದೊಡ್ಡ ಕಾಯಿಲೆ ಬಂದರೆ ನಮ್ಮ ಕಡೆಯ ಜನ ಹೈದರಾಬಾದ್ ಇಲ್ಲವೇ ಸೊಲ್ಲಾಪುರದ ಬಸ್ಸು ಹತ್ತುತ್ತಾರೆ. ಆದರೆ ಸೀಟಿನ ಲೆಕ್ಕದಲ್ಲಿ ನಾವು ಅಲ್ಲಿ ಹೊರರಾಜ್ಯದವರು. ಪಿಯು ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುವ ನಾನು ಪ್ರತಿವರ್ಷ ನೋಡುತ್ತಿರುವುದು ಇದನ್ನೇ: ಅಂಕ ಗಳಿಸಿದ ಮಕ್ಕಳೂ ಕಾಗದಪತ್ರಗಳ ವಿಷಯದಲ್ಲಿ ಎಡವುತ್ತಾರೆ, ಏಕೆಂದರೆ ಇಲ್ಲಿ ನಮ್ಮ ಕೈಹಿಡಿಯುವ ಮೀಸಲಾತಿಗಳು ರಾಜ್ಯದ ಗಡಿ ದಾಟುವುದಿಲ್ಲ ಎಂಬುದು ಅವರಿಗೆ ತಡವಾಗಿ ತಿಳಿಯುತ್ತದೆ.

ದೇಶದ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳ ಶೇ 85ರಷ್ಟು ಸೀಟುಗಳು ಆಯಾ ರಾಜ್ಯದವರಿಗೇ ಮೀಸಲು. ಉಳಿದ ಶೇ 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರುತ್ತವೆ. 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ ಹುಟ್ಟಿದ ಈ ಕೋಟಾದಲ್ಲಿ ವಿದ್ಯಾರ್ಥಿ ಯಾವ ರಾಜ್ಯದವನೆಂದು ಯಾರೂ ಕೇಳುವುದಿಲ್ಲ. ನೀಟ್ ರ್‍ಯಾಂಕ್ ಮತ್ತು ಕೇಂದ್ರದ ಮೀಸಲಾತಿ ಮಾತ್ರ ಲೆಕ್ಕಕ್ಕೆ ಬರುತ್ತವೆ. ಇದರ ಕೌನ್ಸೆಲಿಂಗ್, ಅಂದರೆ ಸುತ್ತು ಸುತ್ತಾಗಿ ಸೀಟು ಹಂಚುವ ಕೆಲಸ, ನಡೆಸುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ. ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳ, ಅಂದರೆ ಡೀಮ್ಡ್ ವಿಶ್ವವಿದ್ಯಾಲಯಗಳ ಎಲ್ಲ ಸೀಟುಗಳೂ ಅದರ ಮೂಲಕವೇ ಹಂಚಿಕೆಯಾಗುತ್ತವೆ. ಮಣಿಪಾಲ, ಮಂಗಳೂರು, ಧಾರವಾಡ, ಬೆಳಗಾವಿ, ಮೈಸೂರಿನ ಡೀಮ್ಡ್ ಕಾಲೇಜುಗಳು ನಮ್ಮ ರಾಜ್ಯದಲ್ಲೇ ಇದ್ದರೂ ಅಲ್ಲಿ ಕಲ್ಯಾಣ ಕರ್ನಾಟಕದ ವಿಶೇಷ ಮೀಸಲಾತಿ ಸಿಗದಿರುವುದಕ್ಕೆ ಕಾರಣ ಇದು.

ಮೊದಲು ಮನೆಯ ಸೀಟನ್ನು ತೂಗಿ ನೋಡಿ

ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ, ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ರಾಜ್ಯದ ಪಾಲಿನ ಸೀಟುಗಳ ಪೈಕಿ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ನಮ್ಮ ಭಾಗದವರಿಗೆ ದೊರೆಯುತ್ತವೆ. ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಕೂಡ ಈ ಪ್ರದೇಶದೊಳಗೇ ಇದೆ. ಹಾಗಾಗಿ ಹೊರಗೆ ಹೋಗುವುದು ನಿಜಕ್ಕೂ ಲಾಭವೇ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಕಳೆದ ವರ್ಷದ ಕಟ್‌ಆಫ್ ಪಟ್ಟಿಯಲ್ಲಿ ಜಿಎಂಎಚ್, 2ಎಎಚ್, 3ಬಿಎಚ್ ಎಂದು ಕೊನೆಗೆ ‘ಎಚ್’ ಅಕ್ಷರವಿರುವ ಕಾಲಂಗಳು ನಮ್ಮ ಭಾಗದವರವು. ಅಲ್ಲಿ ನಿಮ್ಮ ಪ್ರವರ್ಗದ ಕೊನೆಯ ರ್‍ಯಾಂಕನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದರ ಪಕ್ಕದಲ್ಲೇ, ನಿಮಗೆ ಇಷ್ಟವಾದ ಹೊರರಾಜ್ಯದ ಕಾಲೇಜುಗಳು ಎಂಸಿಸಿಯ ಮೂರನೇ ಸುತ್ತಿನಲ್ಲಿ ಯಾವ ರ್‍ಯಾಂಕಿಗೆ ಮುಗಿದವು ಎಂಬುದನ್ನು ಬರೆಯಿರಿ. ಮೊದಲ ಸುತ್ತಿನ ಅಂಕಿ ನೋಡಿ ಕೈಚೆಲ್ಲಬೇಡಿ. ಎಂಬಿಬಿಎಸ್‌ಗೂ ಬಿಡಿಎಸ್‌ಗೂ ಇರುವುದು ಒಂದೇ ಆಯ್ಕೆಪಟ್ಟಿ, ಅಂದರೆ ಬೇಕಾದ ಕಾಲೇಜುಗಳನ್ನು ವಿದ್ಯಾರ್ಥಿಯೇ ಕ್ರಮವಾಗಿ ಬರೆಯುವ ಪಟ್ಟಿ. ಮೊದಲು ಬಿಡಿಎಸ್ ಸಿಕ್ಕವರಲ್ಲಿ ಅನೇಕರು ಮುಂದಿನ ಸುತ್ತುಗಳಲ್ಲಿ ಎಂಬಿಬಿಎಸ್‌ಗೆ ಹೋಗುವುದರಿಂದ ದಂತ ವೈದ್ಯಕೀಯದ ಒಳ್ಳೆಯ ಸೀಟುಗಳು ತಡವಾಗಿ ತೆರೆದುಕೊಳ್ಳುತ್ತವೆ.

ನನ್ನ ಅಭಿಪ್ರಾಯದಲ್ಲಿ, ಮನೆಯ ಸೀಟು ಬಿಟ್ಟು ಹೋಗಲು ಯೋಗ್ಯವಾದ ಕಾಲೇಜುಗಳ ಪಟ್ಟಿ ಉದ್ದವಾಗಿರಬೇಕಿಲ್ಲ. ದೆಹಲಿಯ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ, ಮುಂಬೈನ ಸರ್ಕಾರಿ ದಂತ ಕಾಲೇಜು ಮತ್ತು ನಾಯರ್ ಆಸ್ಪತ್ರೆಯ ದಂತ ಕಾಲೇಜು, ಲಖನೌದ ಕಿಂಗ್ ಜಾರ್ಜ್ ವೈದ್ಯಕೀಯ ವಿಶ್ವವಿದ್ಯಾಲಯ, ಚೆನ್ನೈ ಹಾಗೂ ಹೈದರಾಬಾದಿನ ಸರ್ಕಾರಿ ಕಾಲೇಜುಗಳು, 1920ರಲ್ಲಿ ಆರಂಭವಾದ ದೇಶದ ಮೊದಲ ದಂತ ಕಾಲೇಜಾದ ಕೋಲ್ಕತ್ತದ ಡಾ. ಆರ್. ಅಹ್ಮದ್ ಕಾಲೇಜು ನನ್ನ ಪಟ್ಟಿಯಲ್ಲಿವೆ. ದಂತವೈದ್ಯ ಕೆಲಸ ಕಲಿಯುವುದು ರೋಗಿಯ ಬಾಯಿಯಲ್ಲಿ, ಪುಸ್ತಕದಲ್ಲಿ ಅಲ್ಲ; ಹೊರರೋಗಿ ವಿಭಾಗದ ಮುಂದೆ ಬೆಳಿಗ್ಗೆಯೇ ಸಾಲು ನಿಲ್ಲುವ ದೊಡ್ಡ ಊರಿನ ಸರ್ಕಾರಿ ಆಸ್ಪತ್ರೆಗೆ ಈ ಕಾರಣಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಭಾಷೆಯನ್ನೂ ಇಲ್ಲಿಯೇ ಯೋಚಿಸಬೇಕು. ಮೂರನೇ ವರ್ಷದಿಂದ ವಿದ್ಯಾರ್ಥಿ ರೋಗಿಯನ್ನು ಮಾತನಾಡಿಸಲೇಬೇಕಾಗುತ್ತದೆ. ಬೀದರ್, ಕಲಬುರಗಿಯ ಮಕ್ಕಳು ಬಾಲ್ಯದಿಂದ ಕೇಳಿದ ದಖ್ಖನಿ ಉರ್ದು ಹೈದರಾಬಾದಿನಲ್ಲಿ ಮೊದಲ ದಿನವೇ ನೆರವಿಗೆ ಬರುತ್ತದೆ. ದೆಹಲಿ, ಮುಂಬೈಯಲ್ಲೂ ಕೆಲಸ ನಡೆಯುತ್ತದೆ. ಚೆನ್ನೈಯನ್ನಾಗಲಿ ಕೇರಳವನ್ನಾಗಲಿ ಆರಿಸುವವರು ಮೊದಲ ಎರಡು ವರ್ಷಗಳಲ್ಲೇ ಅಲ್ಲಿನ ಭಾಷೆ ಕಲಿಯುವ ಮನಸ್ಸು ಮಾಡಿರಬೇಕು.

ಪ್ರಮಾಣಪತ್ರ: ಎಲ್ಲಕ್ಕಿಂತ ಮುಖ್ಯವಾದ ಹಂತ

ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದ 371ಜೆ ಪ್ರಮಾಣಪತ್ರ ಎಂಸಿಸಿಯಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬುವು ಕರ್ನಾಟಕದ ವಿಂಗಡಣೆಗಳು. ಅಖಿಲ ಭಾರತ ಕೋಟಾದಲ್ಲಿ ಇರುವುದು ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5, ಕೇಂದ್ರದ ಪಟ್ಟಿಯ ಒಬಿಸಿಗೆ ಶೇ 27, ಆರ್ಥಿಕವಾಗಿ ದುರ್ಬಲರಾದವರಿಗೆ ಅಂದರೆ ಇಡಬ್ಲ್ಯುಎಸ್‌ಗೆ ಶೇ 10. ಕೊನೆಯ ಎರಡು ಈ ಕೋಟಾಕ್ಕೆ ಬಂದದ್ದು 2021ರಲ್ಲಿ. ರಾಜ್ಯದಲ್ಲಿ ಹಿಂದುಳಿದ ವರ್ಗವೆನಿಸಿದ ಜಾತಿಯೊಂದು ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲದಿರಬಹುದು. ನನ್ನ ವಿದ್ಯಾರ್ಥಿನಿಯೊಬ್ಬಳು ರಾಜ್ಯದ ನಮೂನೆಯ ಜಾತಿ ಪತ್ರವನ್ನೇ ನಂಬಿ ನೀಟ್ ಅರ್ಜಿಯಲ್ಲಿ ಒಬಿಸಿ ಎಂದು ತುಂಬಿದ್ದಳು. ದಾಖಲೆ ಪರಿಶೀಲನೆಯ ದಿನ, ನೂರಾರು ಮೈಲಿ ದೂರದ ಊರಿನಲ್ಲಿ, ಆ ಪತ್ರ ಸಲ್ಲದೆಂದು ತಿಳಿದಾಗ ಅವಳ ತಂದೆ ಫೋನಿನಲ್ಲಿ ಅತ್ತದ್ದನ್ನು ನಾನು ಮರೆತಿಲ್ಲ. ಆದ್ದರಿಂದ ದ್ವಿತೀಯ ಪಿಯುಗೆ ಕಾಲಿಟ್ಟ ತಿಂಗಳೇ ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆರೆದು ನಿಮ್ಮ ಜಾತಿಯ ಹೆಸರು ಅಕ್ಷರಶಃ ಇದೆಯೇ ಎಂದು ನೋಡಿ. ಇದ್ದರೆ ‘ಕೇಂದ್ರ ಸರ್ಕಾರದ ಉದ್ದೇಶಕ್ಕಾಗಿ’ ಎಂದು ನಮೂದಿಸಿದ, ಕೆನೆಪದರಕ್ಕೆ (ಹಿಂದುಳಿದ ವರ್ಗದೊಳಗಿನ ಅನುಕೂಲಸ್ಥರ ಗುಂಪಿಗೆ) ಸೇರಿಲ್ಲವೆಂದು ದೃಢಪಡಿಸುವ ಪತ್ರಕ್ಕೆ ತಹಶೀಲ್ದಾರರಲ್ಲಿ ಅರ್ಜಿ ಹಾಕಿ.

ಕೇಂದ್ರದ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಇಡಬ್ಲ್ಯುಎಸ್ ದಾರಿ ತೆರೆದಿರುತ್ತದೆ. ಆದರೆ ಇಲ್ಲಿ ಪಹಣಿ ಅಡ್ಡ ಬರುತ್ತದೆ. ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷಕ್ಕಿಂತ ಕಡಿಮೆಯಿದ್ದರೂ ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚಿನ ಕೃಷಿಭೂಮಿ ಇದ್ದರೆ ಈ ಪತ್ರ ಸಿಗುವುದಿಲ್ಲ. ಮಳೆಯನ್ನೇ ನಂಬಿ ತೊಗರಿ ಬೆಳೆಯುವ ನಮ್ಮ ಒಣಭೂಮಿಯಲ್ಲಿ ಹತ್ತು ಎಕರೆ ಇದ್ದವನೂ ಸಾಲದಲ್ಲೇ ಇರುತ್ತಾನೆ. ನಿಯಮ ಮಾತ್ರ ನೀರಾವರಿ ಭೂಮಿಗೂ ಒಣಭೂಮಿಗೂ ಒಂದೇ. ಇದು ನಮ್ಮ ಭಾಗಕ್ಕೆ ಆಗಿರುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಒಬಿಸಿಯ ಕೆನೆಪದರ ಲೆಕ್ಕ ಬೇರೆ: ಅಲ್ಲೂ ಮಿತಿ ₹8 ಲಕ್ಷವೇ ಆದರೂ ಆ ಆದಾಯದ ಲೆಕ್ಕಕ್ಕೆ ಸಂಬಳ ಮತ್ತು ಕೃಷಿಯ ಆದಾಯವನ್ನು ಸೇರಿಸುವುದಿಲ್ಲ. ಇಡಬ್ಲ್ಯುಎಸ್ ಪತ್ರಕ್ಕೆ ಆರ್ಥಿಕ ವರ್ಷದ ಮಿತಿಯಿರುವುದರಿಂದ ಏಪ್ರಿಲ್ 1ರ ನಂತರ ಹೊಸದನ್ನು ಪಡೆಯಬೇಕು. ಪತ್ರಗಳು ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್‌ ಪ್ರತಿಯನ್ನೂ ಮಾಡಿಸಿಟ್ಟುಕೊಳ್ಳಿ.

ನೀಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 180 ಪ್ರಶ್ನೆ, 720 ಅಂಕ, ತಪ್ಪಿಗೆ ಒಂದು ಅಂಕ ಕಡಿತ, ಕನ್ನಡದಲ್ಲೂ ಬರೆಯಬಹುದು. ಅರ್ಜಿಯಲ್ಲಿ ತುಂಬಿದ ಪ್ರವರ್ಗವೇ ಕೌನ್ಸೆಲಿಂಗ್‌ಗೂ ಹೋಗುತ್ತದೆ ಎಂಬುದೊಂದು ನೆನಪಿರಲಿ.

ನೋಂದಣಿ ಮತ್ತು ಹಣ

ಎಂಸಿಸಿಗೂ ರಾಜ್ಯದ ಪ್ರಾಧಿಕಾರಕ್ಕೂ ಬೇರೆಬೇರೆಯಾಗಿ ನೋಂದಾಯಿಸಬೇಕು. ಒಂದರಲ್ಲಿ ಹೆಸರು ಹಚ್ಚಿದರೆ ಇನ್ನೊಂದಕ್ಕೆ ಸಾಕಾಗುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರು ₹1,000 ಶುಲ್ಕ ಮತ್ತು ₹10,000 ಠೇವಣಿ, ಪರಿಶಿಷ್ಟರು ಮತ್ತು ಒಬಿಸಿಯವರು ₹500 ಮತ್ತು ₹5,000 ಕಟ್ಟಿದ್ದಾರೆ. ಡೀಮ್ಡ್ ಕಾಲೇಜುಗಳಿಗೆ ಶುಲ್ಕ ₹5,000, ಠೇವಣಿ ₹2 ಲಕ್ಷ. ಠೇವಣಿ ಮರಳುವುದು ಹಣ ಕಟ್ಟಿದ ಖಾತೆಗೇ. ಆದ್ದರಿಂದ ಸೈಬರ್ ಕೆಫೆಯವರ ಖಾತೆಯಿಂದ ಕಟ್ಟಿಸದೆ ತಂದೆ ಅಥವಾ ತಾಯಿಯ ಖಾತೆಯಿಂದಲೇ ಕಟ್ಟಿ. ಒಟಿಪಿ ಬರುವ ಮೊಬೈಲ್ ಸಂಖ್ಯೆಯೂ ಮನೆಯದ್ದೇ ಆಗಿರಲಿ. ಹೊರರಾಜ್ಯದಲ್ಲಿ ಓದುವ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ತವರು ರಾಜ್ಯದಿಂದಲೇ ಸಿಗುತ್ತದೆ ಎಂಬುದನ್ನು ಖರ್ಚಿನ ಲೆಕ್ಕ ಹಾಕುವಾಗ ಮರೆಯಬೇಡಿ.

ಆಯ್ಕೆಪಟ್ಟಿ ತುಂಬುವಾಗ ಜಾಣತನ ಬೇಡ. ಗಣಕಯಂತ್ರ ರ್‍ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಓದಿ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಸಿಗದ ಕಾಲೇಜನ್ನು ಮೇಲೆ ಬರೆದರೆ ನಷ್ಟವಿಲ್ಲ, ಹೋಗಲು ಮನಸ್ಸಿಲ್ಲದ ಕಾಲೇಜನ್ನು ಕೊನೆಗೆ ಬರೆದರೂ ಅಪಾಯ ತಪ್ಪುವುದಿಲ್ಲ. ಬರೆಯುವ ಮೊದಲು ಆ ಕಾಲೇಜಿನ ಸೇವಾ ಬಾಂಡ್ (ಓದು ಮುಗಿದ ಮೇಲೆ ಸರ್ಕಾರಿ ಸೇವೆ ಮಾಡುವ ಕರಾರು) ಮತ್ತು ಸೀಟು ಬಿಟ್ಟರೆ ತೆರಬೇಕಾದ ದಂಡದ ವಿವರ ಓದಿ. ಇವು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ.

ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೂ ಠೇವಣಿ ಹೋಗುವುದಿಲ್ಲ. ಎರಡನೇ ಸುತ್ತಿನಲ್ಲಿ ಸೇರದಿದ್ದರೆ ಹೋಗುತ್ತದೆ. ಆ ಸುತ್ತಿನಿಂದ ಮುಂದೆ ಸೇರಿದವರ ಹೆಸರುಗಳನ್ನು ರಾಜ್ಯಗಳಿಗೂ ತಿಳಿಸುವುದರಿಂದ ಇಲ್ಲೊಂದು ಅಲ್ಲೊಂದು ಸೀಟು ಹಿಡಿದಿಡಲು ಆಗದು. ಮೊದಲೇ ಬರೆದಿಟ್ಟ ಹಾಳೆ ಉಪಯೋಗಕ್ಕೆ ಬರುವುದು ಈಗ.

ಸೀಟು ಹಂಚಿಕೆಯಾದ ಮೇಲೆ ಕೆಲವೇ ದಿನಗಳಲ್ಲಿ ಕಾಲೇಜಿಗೆ ಖುದ್ದಾಗಿ ಹೋಗಬೇಕು. ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್, ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿಯ ಮೂಲಕವೇ ಹೋಗುತ್ತವೆ, ಆದರೆ ಫಲಿತಾಂಶ ಬಂದ ದಿನ ಟಿಕೆಟ್ ಸಿಗುವುದು ಕಷ್ಟ. ನೀಟ್ ಪ್ರವೇಶಪತ್ರ ಮತ್ತು ಅಂಕಪತ್ರ, ಎಸ್ಸೆಸ್ಸೆಲ್ಸಿ ಹಾಗೂ ಪಿಯು ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಪತ್ರ, ಆಧಾರ್, ಹಂಚಿಕೆ ಪತ್ರ, ಎಂಟು ಭಾವಚಿತ್ರಗಳು ಚೀಲದಲ್ಲಿರಲಿ. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವುದರಿಂದ ದೃಢೀಕರಿಸಿದ ಝೆರಾಕ್ಸ್ ಪ್ರತಿಗಳ ಎರಡು ಕಟ್ಟು ಮನೆಯಲ್ಲೂ ಇರಬೇಕು.

ಸೇರುವ ಹೊತ್ತಿನಲ್ಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನ ಸೀಟು ಬೇಕೇ ಎಂದು ಕೇಳುತ್ತಾರೆ. ಬೇಕೆಂದರೆ ಹೊಸದಾಗಿ ಆಯ್ಕೆಪಟ್ಟಿ ತುಂಬಬೇಕು, ಹೊಸ ಸೀಟು ಬಂದ ಕ್ಷಣವೇ ಹಳೆಯದು ತಾನಾಗಿ ರದ್ದಾಗುತ್ತದೆ. ಆದ್ದರಿಂದ ಆ ಪಟ್ಟಿಯಲ್ಲಿ ಈಗ ಕೈಯಲ್ಲಿರುವುದಕ್ಕಿಂತ ನಿಮಗೆ ಖಚಿತವಾಗಿ ಹೆಚ್ಚು ಬೇಕಾದ ಕಾಲೇಜುಗಳನ್ನಷ್ಟೇ ಬರೆಯಿರಿ.